ಹತ್ತನೆಯ ಖರ್ಜೂರ

ನನ್ನ ಮೊದಲ ಬರಹ ಮೈತುಂಬ ಕೆಂಪು ಗೆರೆ ಹೊತ್ತು ವಾಪಸು ಬಂದ ದಿನ, ನನ್ನ ಜೊತೆಗೇ ಕಲಿಯುತ್ತಿದ್ದ ನಿಜ್ವಾ ಊರಿನ ಪ್ರಾಧ್ಯಾಪಕಿಯ ಬರಹದ ಮೇಲೆ ಒಂದೇ ಒಂದು ಗೆರೆಯಿತ್ತು. ಅದೂ ಚೆನ್ನಾಗಿದೆ ಎಂದು ಎಳೆದದ್ದು.

ನಾವಿರುವುದು ಮಸ್ಕತ್ತಿನ ಅಲ್ ಅಜೈಬಾದಲ್ಲಿ. ಗಂಡ ಒಂದು ಕಂಪನಿಯ ಸ್ಟೋರ್ಸ್ ನೋಡಿಕೊಳ್ಳುತ್ತಾರೆ, ನಾನು ಮನೆ ನೋಡಿಕೊಳ್ಳುತ್ತೇನೆ. ನಾವು ಬೆನೆ ಇಸ್ರೇಲ್ ಯೆಹೂದಿಗಳು. ನಮ್ಮ ಹಿರಿಯರು ಕೊಂಕಣ ತೀರದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದವರು. ದೇವರ ವಿಶ್ರಾಂತಿಯ ದಿನವೆಂದು ಶನಿವಾರ ಗಾಣ ನಿಲ್ಲಿಸುವ ಜನ ಎಂದೇ ಅಲ್ಲಿ ಗುರುತು. ನನ್ನ ತಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಹಾಗಾಗಿ ಮನೆಯೊಳಗೆ ಮರಾಠಿ, ಓಣಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ. ನೆಟ್ಟಗೆ ಬರೆಯಲು ಬರುವುದು ಕನ್ನಡವೊಂದೇ. ಇಲ್ಲಿ ನಾವು ಯಾರೆಂದು ಬಾಗಿಲ ಮೇಲೆ ಬರೆದುಕೊಂಡಿಲ್ಲ. ಶುಕ್ರವಾರ ಸಂಜೆ ಪರದೆ ಎಳೆದು, ಗಾಜಿನ ಲೋಟದಲ್ಲಿ ನೀರು, ಮೇಲೆ ಕೊಬ್ಬರಿ ಎಣ್ಣೆ ಹಾಕಿ, ಬತ್ತಿ ಹಚ್ಚುತ್ತೇನೆ. ಮದುವೆಯಾದಾಗಿನಿಂದ ಒಂದು ವಾರವೂ ತಪ್ಪಿಸಿಲ್ಲ. ಅದು ನನ್ನ ಹೆಚ್ಚುಗಾರಿಕೆಯಲ್ಲ, ದೇವರು ನಡೆಸಿಕೊಟ್ಟದ್ದು.

ಗಲ್ಫಿನಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿರುವ ನಮ್ಮವರದೊಂದು ಸಣ್ಣ ಬಳಗವಿದೆ. ಫೋನಿನ ಪರದೆಯಲ್ಲಿ ಸೇರುತ್ತೇವೆ. ಹೆಚ್ಚಿನವರು ಹೊರಗಿನವರನ್ನು ಮದುವೆಯಾದವರು, ಇಲ್ಲವೇ ದೇವರ ಮೇಲಿನ ನಂಬಿಕೆ ಬಿಟ್ಟವರು. ಅವರು ಹಿಡಿದಿರುವುದು ಮಾನವತಾವಾದಿ ಯೆಹೂದಿ ಪಂಥ. ಹಬ್ಬ, ದೀಪ, ರೊಟ್ಟಿ, ಹಾಡು, ಹಿರಿಯರ ಕಥೆ ಎಲ್ಲ ಉಳಿಸಿಕೊಳ್ಳುತ್ತಾರೆ. ದೇವರನ್ನು ಮಾತ್ರ ಕರೆಯುವುದಿಲ್ಲ. ಹೆಸರಿಡುವುದು, ಮದುವೆ, ಸಾವು, ಇವಕ್ಕೆಲ್ಲ ಮನುಷ್ಯರು ಮನುಷ್ಯರಿಗೆ ಹೇಳುವ ಮಾತುಗಳನ್ನೇ ಬರೆದುಕೊಳ್ಳುತ್ತಾರೆ. ಅವನ್ನು ನಡೆಸಿಕೊಡಲು ಧರ್ಮಗುರು ರಬ್ಬಿಯೇ ಬೇಕೆಂದಿಲ್ಲ. ಬಳಗದಲ್ಲೇ ಒಬ್ಬರು ಒಂದು ವರ್ಷ ತರಬೇತಿ ಪಡೆದು ಮುಂದಾಳಾಗಬಹುದು. ಗಂಡಸೂ ಆಗಬಹುದು, ಹೆಂಗಸೂ ಆಗಬಹುದು.

ಆ ಕೊನೆಯ ಮಾತಿಗೇ ನಾನು ಹೋದದ್ದು. ನಮ್ಮ ಹಳೆಯ ಕ್ರಮದಲ್ಲಿ ದೊಡ್ಡ ಪ್ರಾರ್ಥನೆಗೆ ಹತ್ತು ಜನ ಗಂಡಸರು ಕೂಡಬೇಕು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಕೇಳಿ ಕೇಳಿ ನನಗೆ ಎಲ್ಲ ಬಾಯಿಪಾಠವಾಗಿತ್ತು, ಹೇಳಲು ಮಾತ್ರ ಯಾರೂ ಕರೆದಿರಲಿಲ್ಲ.

ಗಂಡ ನಕ್ಕರು. “ಉಪ್ಪಿಲ್ಲದ ಸಾರು ಮಾಡೂದು ಕಲೀಲಿಕ್ಕೆ ಒಂದು ವರ್ಷದ ಕೋರ್ಸ್ ಏನು?”

“ನೀವು ಉಣ್ಣೂದು ಉಣ್ರಿ. ನಾ ಕಲೀತೀನಿ,” ಎಂದೆ.

ದೂರದ ಚಳಿಯ ಊರೊಂದರಲ್ಲಿ ಕೂತು ಕಲಿಸುತ್ತಿದ್ದವರು ಎಪ್ಪತ್ತು ದಾಟಿದ, ಕನ್ನಡ ಬಲ್ಲ ಒಬ್ಬ ಹೆಂಗಸು. ಮೊದಲ ದಿನವೇ ನನಗೆ ಹೇಳಿದರು: ನೀವು ದೇವರನ್ನು ನಂಬುವವರು, ನಿಮಗಿದು ಕಷ್ಟವಾದೀತು, ಇಲ್ಲಿ ಒಂದೇ ನಿಯಮ, ನಿಜವೆಂದು ಅನಿಸದ ಮಾತನ್ನು ನೀವೂ ಆಡಬಾರದು, ಕೂತವರಿಂದಲೂ ಆಡಿಸಬಾರದು. ಕಷ್ಟವಾಗಲಿ ಎಂದೆ. ಮನೆಗೆಲಸಕ್ಕಿಂತ ಕಷ್ಟವಾದದ್ದು ಏನಿದ್ದೀತು ಎಂದುಕೊಂಡಿದ್ದೆ.

ಕಲಿಯುವವರು ಇಬ್ಬರೇ. ನಾನು ಮತ್ತು ಪ್ರಾಧ್ಯಾಪಕಿ. ಆಕೆಯ ತಾಯಿ ನಮ್ಮವರು, ತಂದೆ ಮೈಸೂರಿನ ಬೇರೆ ಮತದವರು. ನಿಜ್ವಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ, ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ಶನಿವಾರ ಒಲೆ ಹಚ್ಚುತ್ತಾಳೆ, ನಮಗೆ ವರ್ಜ್ಯವಾದ ಸಿಗಡಿ ತಿನ್ನುತ್ತಾಳೆ, ದೇವರಿಲ್ಲ ಎಂದು ಹವಾಮಾನ ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆ. ಹದಿನೈದು ದಿನಕ್ಕೊಮ್ಮೆ ಪಾಠ, ನಡುವೆ ಇತಿಹಾಸದ ಓದು. ಹೆಸರಿಡುವುದು, ಮಕ್ಕಳು ಪ್ರಾಯಕ್ಕೆ ಬರುವುದು, ಮದುವೆ, ಕಾಯಿಲೆ, ಸಾವು ಎಂದು ಐದು ಸಂದರ್ಭಕ್ಕೆ ಐದು ಬರಹ. ಕೊನೆಗೆ ನಿಜವಾದ ಒಂದು ಮನೆಯವರ ಮುಂದೆ ನಿಂತು ನಡೆಸಿ ತೋರಿಸಬೇಕು, ಗುರುಗಳು ಫೋನಿನಲ್ಲಿ ನೋಡುತ್ತಾರೆ. ಆ ವರ್ಷ ಬಳಗಕ್ಕೆ ಬೇಕಾಗಿದ್ದದ್ದು ಒಬ್ಬ ಮುಂದಾಳು. ಇಬ್ಬರಲ್ಲಿ ಒಬ್ಬರು.

ಮೊದಲ ಬರಹದಲ್ಲಿ ನಾನು “ದೇವರು ಈ ಮಗುವಿಗೆ ಆಯುಷ್ಯ ಕೊಡಲಿ” ಎಂದು ಬರೆದಿದ್ದೆ. ಕೆಂಪು ಗೆರೆ. ಈ ಮನೆಯವರು ದೇವರನ್ನು ಕೇಳಿಕೊಳ್ಳುವವರಲ್ಲ ಎಂದು ಪಕ್ಕದಲ್ಲಿ ಟಿಪ್ಪಣಿ. ತಿದ್ದಿ “ಈ ಮಗುವಿಗೆ ಆಯುಷ್ಯ ಸಿಗಲಿ” ಎಂದು ಕಳಿಸಿದೆ. ಮತ್ತೆ ಗೆರೆ. ಕೊಡುವವನನ್ನು ಬಾಗಿಲ ಹಿಂದೆ ಬಚ್ಚಿಟ್ಟಿದ್ದೀರಿ, ಈಚೆಗೆ ಕಾಣುತ್ತಿದ್ದಾನೆ ಎಂದು ಬರೆದಿದ್ದರು. ಮಗುವಿಗೆ ಜ್ವರ ಬಂದರೆ ಆ ಕೋಣೆಯಲ್ಲಿ ಕೂತವರಲ್ಲಿ ಯಾರು ಏನು ಮಾಡುತ್ತೀರಿ, ಅದನ್ನು ಬರೆಯಿರಿ ಎಂದರು. ನಾಲ್ಕನೆಯ ಸಲ “ನಿನಗೆ ಜ್ವರ ಬಂದ ದಿನ ನಾವು ಗಂಜಿ ತರುತ್ತೇವೆ, ನಿನ್ನ ಅವ್ವ ನಿದ್ದೆ ಮಾಡಲಿ ಎಂದು ನಿನ್ನನ್ನು ಎತ್ತಿಕೊಳ್ಳುತ್ತೇವೆ” ಎಂದು ಬರೆದೆ. ಗೆರೆ ಬರಲಿಲ್ಲ. ಆ ದಿನದ ಕೃಪೆಗಳನ್ನು ಎಣಿಸಿಕೊಳ್ಳುವಾಗ ಅದನ್ನೂ ಸೇರಿಸಿಕೊಂಡೆ. ಮಲಗುವ ಮೊದಲು ಹೀಗೆ ಎಣಿಸಿಕೊಳ್ಳುವುದು ನನ್ನ ಅಭ್ಯಾಸ: ಏಸಿ ಕೆಡಲಿಲ್ಲ, ಹಾಲು ಒಡೆಯಲಿಲ್ಲ, ಗಂಡನ ಸಕ್ಕರೆ ಇಳಿದಿದೆ, ಕೆಂಪು ಗೆರೆ ಇಲ್ಲ.

ನನಗೆ ನಾಲ್ಕು ಸಲ ಹಿಡಿದದ್ದು ಆಕೆಗೆ ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತಿತ್ತು. ಆಕೆ ತೆಗೆದುಹಾಕುವಂಥದ್ದೇ ಏನೂ ಇರಲಿಲ್ಲವಲ್ಲ. ನಾನು ಇಡೀ ಮನೆಯ ಸಾಮಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ, ಆಕೆ ಪರ್ಸು ಹಿಡಿದುಕೊಂಡು ಲಿಫ್ಟಿನಲ್ಲಿ ಬರುತ್ತಿದ್ದಳು. ಓದಿ ತೋರಿಸುವಾಗ ಆಕೆಯ ಧ್ವನಿ ಕೇಳಬೇಕು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಶುಕ್ರವಾರ ದೀಪದ ಮುಂದೆ ನಿಂತಾಗಲೂ ಆಕೆಯ ಮುಖವೇ ಬರುತ್ತಿತ್ತು. ಇನ್ನೂ ಕಷ್ಟವೆಂದರೆ ಆಕೆ ಒಳ್ಳೆಯವಳು. “ಆಂಟಿ, ನಿಮ್ಮ ಗಂಜಿ ಸಾಲು ನನ್ನ ಇಡೀ ಪೇಜಿಗಿಂತ ಚೆನ್ನಾಗಿದೆ,” ಎಂದು ಸಂದೇಶ ಕಳಿಸಿದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಂಟಿ ಎನ್ನುತ್ತಿದ್ದುದೊಂದೇ ನನಗೆ ಹಿಡಿಯಲು ಸಿಗುತ್ತಿದ್ದ ತಪ್ಪು.

ಹತ್ತನೆಯ ತಿಂಗಳಲ್ಲಿ ಕೊನೆಯ ಪರೀಕ್ಷೆ ತಾನಾಗಿ ಬಂತು. ಬಳಗದ ಒಬ್ಬ ಇಂಜಿನಿಯರ್ ದುಕ್ಮ್‌ನ ತೈಲ ಘಟಕದಲ್ಲಿ ಕೆಲಸದಲ್ಲಿದ್ದ. ಆತನ ತಂದೆ ಬೊಂಬಾಯಿ ಪಕ್ಕದ ಠಾಣೆ ಊರಿನಲ್ಲಿ ತೀರಿಕೊಂಡಿದ್ದರು. ಘಟಕ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ನಡೆಯುತ್ತಿದ್ದುದರಿಂದ ಆತನಿಗೆ ಹೋಗಲಾಗಿರಲಿಲ್ಲ. ತಿಂಗಳ ಮೇಲೆ, ಕ್ಯಾಂಪಿನಲ್ಲೇ ತಂದೆಗೊಂದು ನೆನಪಿನ ಸಭೆ ಬೇಕೆಂದು ಗುರುಗಳಿಗೆ ಬರೆದಿದ್ದ. ದೇವರ ಮಾತು ಬೇಡ, ತನಗೆ ನಂಬಿಕೆಯಿಲ್ಲ ಎಂದೂ ಬರೆದಿದ್ದ.

ಕ್ರಮದ ಪ್ರಕಾರ ನಾವಿಬ್ಬರೂ ಆತನೊಡನೆ ಹತ್ತು ಹತ್ತು ನಿಮಿಷ ಮಾತನಾಡಿದೆವು. ಆಯ್ಕೆ ಮನೆಯವರದ್ದು. ಮರುದಿನ ಆತ ಇಬ್ಬರಿಗೂ ಒಂದೇ ಸಂದೇಶ ಹಾಕಿದ. “ಮೇಡಂ ನಡೆಸಿಕೊಡಲಿ. ಆಂಟಿ ಸ್ವಲ್ಪ ಭಕ್ತಿಯವರು ಅನ್ನಿಸಿತು. ಅವರು ಮಲೀದಾ ಮಾಡಿ ತಂದರೆ ಬಹಳ ಉಪಕಾರ. ಬಾಬಾಗೆ ಅದು ಇಷ್ಟ.”

ಮಲೀದಾ ನಮ್ಮ ಜನ ಹರಕೆಗೂ ಸಂತೋಷಕ್ಕೂ ತೀರಿಕೊಂಡವರ ನೆನಪಿಗೂ ಮಾಡುವ ತಿಂಡಿ. ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನ ತುರಿ, ಏಲಕ್ಕಿ ಹಾಕಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಮೇಲೆ ಹಣ್ಣು ಜೋಡಿಸುತ್ತೇವೆ. ಆಕೆಗೆ ಮಾತು, ನನಗೆ ಅವಲಕ್ಕಿ. ಸಿಂಕಿನ ಮುಂದೆ ನಿಂತು ಆ ಸಂದೇಶವನ್ನು ಎಷ್ಟು ಸಲ ಓದಿದೆನೋ. ಗಂಡ ಹಿಂದಿನಿಂದ ನೋಡಿ, “ಅಡಿಗಿ ಮನಿಯಿಂದ ಹೊರಗ ಹೋಗೂದು ಕಲೀಲಿಕ್ಕೆ ಹೋಗಿ ಅಡಿಗಿ ಮನಿಗೇ ಬಂದ್ಯಲ್ಲ,” ಎಂದರು. ಅವತ್ತು ಅವರಿಗೆ ನಿಜಕ್ಕೂ ಉಪ್ಪಿಲ್ಲದ ಸಾರು ಬಡಿಸಿದೆ.

ಎರಡು ದಿನದ ಮೇಲೆ ಗುರುಗಳು ಆ ಮನೆಯ ವಿವರದ ಹಾಳೆಯನ್ನು ಇಬ್ಬರಿಗೂ ಕಳಿಸಿದರು. ತೀರಿಕೊಂಡವರ ಹೆಸರು, ವಯಸ್ಸು. ಕೆಲಸ: ಫೋರ್ಮನ್, ರೈಲ್ವೆ ವರ್ಕ್‌ಶಾಪ್, ಹುಬ್ಬಳ್ಳಿ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ನಮ್ಮ ಫೋರ್ಮನ್ ಕಾಕಾ.

ನನಗೆ ಹದಿನಾಲ್ಕು ವರ್ಷವಾಗಿದ್ದಾಗ ನನ್ನ ತಾಯಿ, ನಮ್ಮ ಆಯಿ, ತೀರಿಕೊಂಡಳು. ಮಣ್ಣು ಮಾಡಿ ಬಂದ ಸಂಜೆ ಸತ್ತವರಿಗಾಗಿ ಕದ್ದೀಶ್ ಎಂಬ ಪ್ರಾರ್ಥನೆ ಹೇಳಬೇಕು, ಅದಕ್ಕೆ ಹತ್ತು ಗಂಡಸರು ಇರಲೇಬೇಕು. ಬೊಂಬಾಯಿಯ ನೆಂಟರ ಗಾಡಿ ತಡವಾಗಿತ್ತು. ನಮ್ಮಲ್ಲಿ ಮನುಷ್ಯರನ್ನು ಒಂದು ಎರಡು ಎಂದು ಬಾಯಿಬಿಟ್ಟು ಎಣಿಸುವುದಿಲ್ಲ. ಅದಕ್ಕೆ ಪ್ರಾರ್ಥನೆ ನಡೆಸುತ್ತಿದ್ದ ಫೋರ್ಮನ್ ಕಾಕಾ ಒಂದು ತಟ್ಟೆ ತರಿಸಿ ತಲೆಗೊಂದು ಬಾದಾಮಿ ಇಟ್ಟರು. ಏಳಕ್ಕೆ ನಿಂತಿತು. ಆಗ ಅವರು ಸುತ್ತ ನೋಡಿ, ಚಹಾ ತಂದಿದ್ದ ಪಕ್ಕದ ಮನೆಯ ಮುಸ್ಲಿಂ ಫಿಟ್ಟರಿಗೆ ಒಂದು ಬಾದಾಮಿ ಇಟ್ಟರು. ಅಡುಗೆಮನೆಯ ಬಾಗಿಲಲ್ಲಿದ್ದ ನಮ್ಮ ಅತ್ತೆಗೆ ಒಂದು. ಆಮೇಲೆ ನನ್ನನ್ನು ನೋಡಿ ಇನ್ನೊಂದು.

ಯಾರೋ ಹಿರಿಯರು, “ಇದು ನಡೀತದೇನು?” ಎಂದರು.

“ಅಕೀ ತಾಯಿ ಸತ್ತಾಳ,” ಎಂದರು ಕಾಕಾ. “ಅಕೀನ್ನ ಬಿಟ್ಟು ಇನ್ಯಾರನ್ನ ಎಣಸ್ಲಿ?”

ಅಷ್ಟೇ. ಎದ್ದು ನಿಂತು ಶುರು ಮಾಡಿಬಿಟ್ಟರು. ಆ ವರ್ಷವೇ ನನ್ನನ್ನು ಬೆಳಗಾವಿಯ ಅತ್ತೆಯ ಮನೆಗೆ ಕಳಿಸಿದರು, ಅವರನ್ನು ಮತ್ತೆ ನೋಡಲಿಲ್ಲ. ಬದುಕಿನಲ್ಲಿ ಅದೊಂದೇ ಸಲ ನಾನು ಎಣಿಕೆಗೆ ಸೇರಿದ್ದು. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಸವೆದುಹೋಗುತ್ತದೆ ಎಂದು ಪೆಟ್ಟಿಗೆಯ ತಳದಲ್ಲಿಟ್ಟ ಸೀರೆಯ ಹಾಗೆ ಇಟ್ಟುಕೊಂಡಿದ್ದೆ.

ಪ್ರಾಧ್ಯಾಪಕಿ ಕ್ರಮದಂತೆ ಮಗನೊಡನೆ ಫೋನಿನಲ್ಲಿ ಮೂರು ಸಲ ಮಾತನಾಡಿ ಟಿಪ್ಪಣಿ ಮಾಡಿದಳು. ನೆರವಿನವಳಾಗಿ ನಾನೂ ಕೇಳುತ್ತಿದ್ದೆ. ಆಕೆ ಒಳ್ಳೊಳ್ಳೆಯ ಪ್ರಶ್ನೆ ಕೇಳಿದಳು: ಬೆಳಿಗ್ಗೆ ಎದ್ದೊಡನೆ ಏನು ಮಾಡುತ್ತಿದ್ದರು, ಕೈಯಲ್ಲಿ ಸದಾ ಏನಿರುತ್ತಿತ್ತು, ಯಾವುದಕ್ಕೆ ನಗುತ್ತಿದ್ದರು. ಮಗನಿಂದ ಬಂದದ್ದು ಸ್ವಲ್ಪವೇ. ಬಾಬಾ ಬಹಳ ಕಟ್ಟುನಿಟ್ಟು. ಶನಿವಾರ ರೇಡಿಯೋ ಹಚ್ಚಿದರೆ ಹೊಡೆತ. ತಾನು ಪ್ರಾರ್ಥನೆ ಬಿಟ್ಟು, ಹೊರಗಿನ ಹುಡುಗಿಯನ್ನು ಮದುವೆಯಾದ ಮೇಲೆ ಮಾತು ಕಡಿಮೆಯಾಯಿತು. “ಆಮ್ಯಾಲೆ ಬಾಬಾನ ಲೆಕ್ಕದಾಗ ನಾ ಇರಲೇ ಇಲ್ಲ ಮೇಡಂ,” ಎಂದ. “ನಿಯಮ ಅಂದ್ರ ನಿಯಮ ಅವರಿಗೆ. ಒಮ್ಮೆನೂ ಸಡಿಲ ಬಿಟ್ಟಾವ್ರಲ್ಲ.”

ನಾನು ಆಗಲೇ ಬಾಯಿ ಬಿಡಬೇಕಿತ್ತು. ಕಾಕಾ ನನ್ನನ್ನು ಎಣಿಸಿದ ವರ್ಷ ಈತ ಎರಡು ವರ್ಷದ ಕೂಸು, ಗೊತ್ತಿರುವ ಸಾಧ್ಯತೆಯಿಲ್ಲ. ಆದರೆ ನಾನು ಹೇಳಿದರೆ ಅದು ಆಕೆಯ ಹಾಳೆಯ ಮೇಲೆ ಹೋಗುತ್ತದೆ, ಆಕೆಯ ಧ್ವನಿಯಲ್ಲಿ ಬರುತ್ತದೆ, ಗುರುಗಳು ಮೆಚ್ಚುತ್ತಾರೆ. ನನ್ನ ಮೈಕ್ ಮುಚ್ಚಿಯೇ ಇತ್ತು. ಹಾಗೇ ಬಿಟ್ಟೆ.

ಅವಲಕ್ಕಿ ಕೊಟ್ಟದ್ದು ಕೆಳಗಿನ ಮಹಡಿಯ ಬ್ಯಾರಿ ಅಕ್ಕ. ಮಂಗಳೂರಿನಿಂದ ಬಂದದ್ದು, ನೆನೆಸಿದರೆ ಮುದ್ದೆಯಾಗುವುದಿಲ್ಲ. “ಎಂತ ಮಾರಾಯ್ತಿ, ಇಷ್ಟು ಅವಲಕ್ಕಿ? ಮದುವೆಯಾ?” ಎಂದರು. ತೀರಿಕೊಂಡವರ ನೆನಪಿಗೆ ಎಂದೆ. ಒಂದು ಕ್ಷಣ ನೋಡಿ, ಇನ್ನೊಂದು ಡಬ್ಬಿ ತಂದಿಟ್ಟರು. ದುಡ್ಡಿನ ಮಾತೆತ್ತಿದರೆ, “ಸತ್ತವರದ್ದಕ್ಕೆ ತಕ್ಕೊಳ್ಳುದುಂಟಾ?” ಎಂದು ಬಾಗಿಲು ಹಾಕಿಕೊಂಡರು.

ಶುಕ್ರವಾರ ಬೆಳಗಿನ ಜಾವ ಗಂಡ ನನ್ನನ್ನು ನಿಜ್ವಾಕ್ಕೆ ಬಿಟ್ಟರು. ಅಲ್ಲಿಂದ ಆಕೆಯ ಕಾರು. ಅವತ್ತು ಸೂರ್ಯ ಮುಳುಗಿದ ಮೇಲೆ, ಶನಿವಾರ ಸಂಜೆ ನಕ್ಷತ್ರ ಕಾಣುವವರೆಗೆ ನಾನು ಗಾಡಿ ಹತ್ತುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಭಾನುವಾರ ಬೆಳಿಗ್ಗೆ ಆಕೆಗೆ ಕ್ಲಾಸು. ಆದರೂ ಒಂದು ಮಾತಾಡದೆ ಕಂಪನಿಯ ಗೆಸ್ಟ್ ಹೌಸಿನಲ್ಲಿ ಇಬ್ಬರಿಗೂ ಕೋಣೆ ಕೇಳಿಟ್ಟಿದ್ದಳು. ಹಿಂದಿನ ಸೀಟಿನಲ್ಲಿ ನಿಜ್ವಾದ ಖರ್ಜೂರದ ಡಬ್ಬಿ, ಹೊದಿಕೆ ಹಾಕಿದ ನನ್ನ ಪಾತ್ರೆಗಳು, ಬೆಟ್ಟದ ಗುಲಾಬಿ ನೀರಿನ ಒಂದು ಸೀಸೆ. ಗುಲಾಬಿ ನೀರು ನನಗೆ ಹೊಳೆದಿರಲಿಲ್ಲ. ಆಕೆಗೆ ಹೊಳೆದಿತ್ತು.

ಆದಮ್ ಊರು ದಾಟಿದ ಮೇಲೆ ಮರವೂ ಇಲ್ಲ, ತಿರುವೂ ಇಲ್ಲ. ಆಕೆ ಕಾರು ಓಡಿಸುತ್ತಲೇ, “ಆಂಟಿ, ಆ ಫೈಲ್ ತೆಗೆದು ಸ್ವಲ್ಪ ಜೋರಾಗಿ ಓದ್ತೀರಾ? ಬೇರೆಯವರ ಬಾಯಲ್ಲಿ ಕೇಳಿದ್ರೆ ತಪ್ಪು ಗೊತ್ತಾಗುತ್ತೆ,” ಎಂದಳು.

ಓದಿದೆ. ಏಳು ಹಾಳೆ, ದೊಡ್ಡ ಅಕ್ಷರ, ಒಂದು ಬದಿ ಮಾತ್ರ. ಸ್ವಾಗತ, ದೀಪ, ಮೌನ, ಬದುಕಿನ ಕಥೆ, ಹಾಡು, ಮಲೀದಾ, ಬೀಳ್ಕೊಡುಗೆ. ಎಲ್ಲಿ ಉಸಿರು, ಎಲ್ಲಿ ಯಾರ ಕಡೆ ತಿರುಗಬೇಕು ಎಂದು ಪೆನ್ಸಿಲಿನ ಗುರುತು. ಬದುಕಿನ ಕಥೆಯ ಜಾಗ ತೆಳ್ಳಗಿತ್ತು. ಲೇತಿನ ಮುಂದೆ ನಿಂತ ಮನುಷ್ಯ, ನಿಯಮದ ಮನುಷ್ಯ, ಮಗನಿಗೆ ಅರ್ಥವಾಗದೆ ಹೋದ ಮನುಷ್ಯ. ಅಷ್ಟೇ.

“ಏನೋ ಕಮ್ಮಿ ಇದೆ ಅಲ್ವಾ?” ಎಂದಳು.

“ಛಲೋ ಅದ,” ಎಂದೆ.

ಹತ್ತು ತಿಂಗಳು ನಾನು ಕಲಿತ ಒಂದೇ ನಿಯಮವನ್ನು ಎರಡು ಪದದಲ್ಲಿ ಮುರಿದಿದ್ದೆ. ನಿಜವೆಂದು ಅನಿಸದ ಮಾತು ಆಡಬಾರದು. ದೇವರ ವಿಷಯದಲ್ಲಿ ನನ್ನನ್ನು ಅಷ್ಟು ಕಾಡಿದ ನಿಯಮ, ಅವಲಕ್ಕಿ ಪಾತ್ರೆ ಕಾಯುತ್ತ ಕೂತಿರುವಾಗ ಸುಲಭವಾಗಿ ಜಾರಿಹೋಯಿತು. ನನ್ನ ಧರ್ಮದಲ್ಲೂ ಸುಳ್ಳು ಸುಳ್ಳೇ. ಎರಡು ಕಡೆಯಿಂದಲೂ ಸಿಕ್ಕಿಬಿದ್ದಿದ್ದೆ.

ಪೆಟ್ರೋಲ್ ಪಂಪಿನ ಬಳಿ ಚಹಾ ಕುಡಿಯಲು ನಿಲ್ಲಿಸಿದೆವು. ಕಾಗದದ ಲೋಟ ಬಿಸಿಯಾಗಿತ್ತು, ಗಾಳಿ ಅದಕ್ಕಿಂತ ಬಿಸಿ. ಆ ಮಗ ನೆನಪಾದ. ತಂದೆಯ ಲೆಕ್ಕದಲ್ಲಿ ತಾನಿರಲಿಲ್ಲ ಎಂದುಕೊಂಡು ಆತ ಮುಂದಿನ ನಲವತ್ತು ವರ್ಷ ಬದುಕಬೇಕಲ್ಲ. ನನ್ನ ಬಾದಾಮಿ ಕೊಟ್ಟವರ ಮಗ. ಬಾಯಿ ಮುಚ್ಚಿಕೊಂಡು ನಾನು ಉಳಿಸುತ್ತಿದ್ದದ್ದಾದರೂ ಏನನ್ನು?

“ಮೇಡಂ, ನಾ ಸುಳ್ಳು ಹೇಳಿದ್ನಿ. ಛಲೋ ಇಲ್ಲ ಅದು,” ಎಂದೆ. ಎಲ್ಲ ಹೇಳಿದೆ.

ಆಕೆ ಲೋಟವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟಳು. ಆಮೇಲೆ, “ಇದನ್ನ ನೀವೇ ಹೇಳಬೇಕು ಆಂಟಿ,” ಎಂದಳು.

“ಆತ ಕರೆದದ್ದು ನಿಮ್ಮನ್ನ. ನನಗ ಅವಲಕ್ಕಿ ಒಪ್ಪಿಸ್ಯಾನ.”

ಕುಟುಕಿದ್ದು ಆಕೆಗೆ ತಿಳಿಯಿತು, ಮುಖ ಕೆಂಪಾಯಿತು. ಪೆನ್ನು ತೆಗೆದು, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಒಂದೊಂದೇ ಕೇಳಿದಳು. ಬಾದಾಮಿಯೋ ಖರ್ಜೂರವೋ? ತಟ್ಟೆ ಹಿತ್ತಾಳೆಯೋ ಸ್ಟೀಲೋ? “ಎಣಸ್ಲಿ” ಅಂದರೋ “ಎಣಸಬೇಕು” ಅಂದರೋ? ಬರೆದದ್ದನ್ನು ನನಗೇ ಓದಿ ತೋರಿಸಿ, ತಪ್ಪಿದ್ದರೆ ತಿದ್ದಿ ಎಂದಳು. ಸ್ಟೀಲು ಎಂದು ಒಂದು ಕಡೆ ತಿದ್ದಿದೆ. ತಪ್ಪು ಇನ್ನೂ ಎರಡಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ದುಕ್ಮ್ ಕ್ಯಾಂಪಿನ ಮನರಂಜನಾ ಕೋಣೆಯನ್ನು ಮೂರೂವರೆಗೆ ಬಿಟ್ಟುಕೊಟ್ಟಿದ್ದರು. ಇಂಜಿನಿಯರ್ ಸ್ನಾನ ಮಾಡಿ ಇಸ್ತ್ರಿಯ ಶರ್ಟು ಹಾಕಿ ಬಾಗಿಲಲ್ಲೇ ಕಾಯುತ್ತಿದ್ದ. ಅದೇ ಅಗಲವಾದ ಹಣೆ, ಕಾಕಾನದು. ನಾನು ಟೇಬಲ್ಲಿನ ಮೇಲೆ ಮಲೀದಾ ಗುಡ್ಡೆ ಮಾಡಿ, ಲೋಟದಲ್ಲಿ ಎಣ್ಣೆ ಬತ್ತಿ ಸಿದ್ಧ ಮಾಡಿ, ಕಡ್ಡಿಪೆಟ್ಟಿಗೆ ತೆಗೆಯುವಷ್ಟರಲ್ಲಿ ಕ್ಯಾಂಪಿನ ಸೇಫ್ಟಿ ನೋಡುವ ಫಿಲಿಪೀನ್ಸಿನವ ಓಡಿ ಬಂದ. “ನೋ ಫ್ಲೇಮ್, ಸಿಸ್ಟರ್. ಪ್ಲೀಸ್.” ಮೇಲೆ ಹೊಗೆ ಹಿಡಿಯುವ ಯಂತ್ರ, ಪಕ್ಕದಲ್ಲಿ ತೈಲದ ಘಟಕ. ಆತ ಹೇಳಿದ್ದು ಸರಿಯೇ. ಸಭೆ ಶುರುವಾಗುವುದೇ ದೀಪದಿಂದ. ನಾನು ಕಡ್ಡಿಪೆಟ್ಟಿಗೆ ಹಿಡಿದು ನಿಂತೇ ಇದ್ದೆ. ಪ್ರಾಧ್ಯಾಪಕಿ ಮಾತ್ರ ಲೋಟವನ್ನು ಮೆಲ್ಲಗೆ ಎತ್ತಿ ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬಿಸಿಲು ಎಣ್ಣೆಯೊಳಗೆ ಹೊಕ್ಕು ಎದುರಿನ ಗೋಡೆಯ ಮೇಲೆ ಹಳದಿಯಾಗಿ ಅಲುಗಾಡಿತು. ಇಷ್ಟು ವರ್ಷ ದೀಪ ಹಚ್ಚಿದವಳು ನಾನು. ಹೊಳೆದದ್ದು ಆಕೆಗೆ.

ಶಟ್‌ಡೌನ್ ತಂಡದ ನಾಲ್ವರು ಬಂದರು. ಅಡುಗೆಯವನೊಬ್ಬ ಕೈ ಒರೆಸಿಕೊಂಡು ಬಂದ. ಸೇಫ್ಟಿಯವನೂ ಕೂತ. ಹೊರಗೆ ಕಂಪನಿ ಬಸ್ಸಿನ ಚಾಲಕ, ಉಪ್ಪಿನಂಗಡಿ ಕಡೆಯ ಬ್ಯಾರಿ, ಇಣುಕಿ ನೋಡಿ, “ಸತ್ತ ಮನೆಗೆ ಹೋದ್ರೆ ಸುಮ್ನೆ ಕೂತು ಬರುದು ನಮ್ಮಲ್ಲಿ. ನಾನೂ ಕೂರ್ತೇನೆ, ಬಸ್ಸು ಬಿಡ್ಲಿಕ್ಕೆ ಟೈಮುಂಟು,” ಎಂದು ಒಳಗೆ ಬಂದ. ಗುರುಗಳ ಮುಖವಿದ್ದ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆವು. ಅದು ಜಾರುತ್ತಿತ್ತು.

ಆಕೆ ಚೆನ್ನಾಗಿ ನಡೆಸಿದಳು. ಚೆನ್ನಾಗಿ ಅಂದರೆ, ನಾನು ತಪ್ಪು ಹುಡುಕುತ್ತ ಕೂತಿದ್ದೆ, ಸಿಗಲಿಲ್ಲ. ಮೌನದಲ್ಲಿ ಅರ್ಧ ನಿಮಿಷ ಪೂರ್ತಿ ನಿಂತಳು, ಕೆಮ್ಮಲಿಲ್ಲ, ಗಡಿಯಾರ ನೋಡಲಿಲ್ಲ. ನನ್ನ ಬಾದಾಮಿಯ ಕಥೆ ಬಂತು. ಒಂದು ಪದ ಹೆಚ್ಚಿಸಲಿಲ್ಲ. “ಅಕೀನ್ನ ಬಿಟ್ಟು ಇನ್ಯಾರನ್ನ ಎಣಸ್ಲಿ” ಎನ್ನುವುದನ್ನು ಮೈಸೂರಿನ ನಾಲಿಗೆಯಲ್ಲಿ ಹುಬ್ಬಳ್ಳಿಯ ಹಾಗೇ ಹೇಳಿದಳು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಲಿತಿದ್ದಿರಬೇಕು. ಆಮೇಲೆ, “ಆ ಹುಡುಗಿ ಇಲ್ಲೇ ಇದ್ದಾರೆ. ಮಲೀದಾ ಮಾಡಿರೋದು ಅವರೇ,” ಎಂದಳು.

ಇಂಜಿನಿಯರ್ ನನ್ನ ಕಡೆ ತಿರುಗಿ ನೋಡಿದ. “ಬಾಬಾ ಹಂಗಂದ್ರಾ?” ಎಂದ. ಹೌದು ಎಂದು ತಲೆಯಾಡಿಸಿದೆ. ಆತ ಮುಖ ಮುಚ್ಚಿಕೊಂಡು ಅತ್ತ. ನನಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಅಳು ಆಕೆಯ ಮಾತಿಗೆ ಬಂತಲ್ಲ ಎಂದೂ ಅನಿಸಿತು. ನನ್ನ ಮನಸ್ಸು ಅಷ್ಟು ಸಣ್ಣದು.

ಹಾಡು ಮುಗಿದು ಆಕೆ ಫೈಲು ಮುಚ್ಚುವಾಗ ಆತ ಕೈಯೆತ್ತಿದ. “ಬಾಬಾ ಹೇಳ್ತಿದ್ದ ಆ ಕದ್ದೀಶ್... ನಾ ಬ್ಯಾಡ ಅಂದಿದ್ದೆ, ಖರೆ. ನನಗ ನಂಬಿಕಿ ಇಲ್ಲ. ಆದ್ರ ಅವರಿಗೆ ಇತ್ತು. ಮೇಡಂ, ನೀವು ಹೇಳ್ತೀರೇನು?”

ಆಕೆಗೆ ಓದಲು ಬರುತ್ತಿತ್ತು, ಪುಸ್ತಕವೂ ಚೀಲದಲ್ಲಿತ್ತು. ಫೋನಿನಲ್ಲಿ ಗುರುಗಳು ನೋಡುತ್ತಿದ್ದರು.

“ನಾನು ಹೇಳಿದ್ರೆ ಸುಳ್ಳಾಗುತ್ತೆ,” ಎಂದಳು. “ಈ ಕೋಣೇಲಿ ಅದನ್ನ ಮನಸಾರೆ ಹೇಳಬಲ್ಲವರು ಒಬ್ಬರೇ ಇರೋದು.” ಪಕ್ಕಕ್ಕೆ ಸರಿದು ತಾನು ನಿಂತ ಜಾಗವನ್ನು ನನಗೆ ಬಿಟ್ಟಳು.

ಸೆರಗಿನಿಂದ ಕೈ ಒರೆಸಿಕೊಂಡು ಹೋಗಿ ನಿಂತೆ. ಕದ್ದೀಶ್‌ಗೆ ಹತ್ತು ಮಂದಿ ಬೇಕು ಎಂದೆ. ನನ್ನ ದೇವರ ಮುಂದೆ ಆ ಎಣಿಕೆಯನ್ನು ನಾನು ಬಿಡಲಾರೆ. ಯಾರನ್ನು ಎಣಿಸಬೇಕು ಎನ್ನುವುದನ್ನು ಕಾಕಾ ಆಗಲೇ ತೋರಿಸಿಕೊಟ್ಟಿದ್ದರು. ಖಾಲಿ ತಟ್ಟೆ ತೆಗೆದುಕೊಂಡು ಆಕೆ ತಂದ ಖರ್ಜೂರದ ಡಬ್ಬಿ ಬಿಚ್ಚಿದೆ. ಮಗನಿಗೆ ಒಂದು ಇಟ್ಟೆ. ತಂಡದ ನಾಲ್ವರಿಗೆ, ಅಡುಗೆಯವನಿಗೆ, ಸೇಫ್ಟಿಯವನಿಗೆ, ಬಸ್ಸಿನವನಿಗೆ. ನನಗೆ ನಾನೇ ಒಂದು ಇಟ್ಟುಕೊಂಡೆ. ಒಂದು ಕಡಿಮೆ.

ಆಕೆ ಫೋನಿನ ಸ್ಟ್ಯಾಂಡ್ ಜಾರದಂತೆ ಹಿಡಿದು ಗೋಡೆಗೆ ಒರಗಿದ್ದಳು. “ನನ್ನ ಬಿಡಿ ಆಂಟಿ. ನಂಬದವಳನ್ನ ಎಣಿಸಿದ್ರೆ ನಿಮಗೆ ಕಷ್ಟ. ಬೇಕಾದ್ರೆ ಹೊರಗೆ ಯಾರಾದ್ರೂ ಇದ್ದಾರಾ ನೋಡ್ತೀನಿ.”

ಹೊರಗೆ ಜನ ಇದ್ದರು. ಕರೆದರೆ ಬರುತ್ತಿದ್ದರು. ಆಕೆ ಸೇರದೆ ಹತ್ತು ಮಾಡಿ, ಆಕೆ ಗೋಡೆಯ ಬಳಿ ನಿಂತು ನೋಡುವಂತೆ, ನಾನು ಇಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದಂತೆ ಮಾಡಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಅದು ಎಷ್ಟು ಸಿಹಿಯಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

“ಇಷ್ಟು ದೂರ ಕರಕೊಂಡು ಬಂದಾಕೀನ್ನ ಬಿಟ್ಟು ಇನ್ಯಾರನ್ನ ಎಣಸ್ಲಿ?” ಎಂದು ಹತ್ತನೆಯದನ್ನು ತಟ್ಟೆಗೆ ಇಟ್ಟೆ. ಫೋನನ್ನು ಬಸ್ಸಿನವನ ಕೈಗೆ ಕೊಟ್ಟು ಆಕೆ ಬಂದು ಸಾಲಿನಲ್ಲಿ ನಿಂತಳು. ನಾನು ಶುರು ಮಾಡಿದೆ. ಆಯಿಗೆ ಹೇಳಬೇಕಾಗಿದ್ದದ್ದು, ಕಾಕಾಗೆ ಹೇಳುತ್ತಿದ್ದದ್ದು, ಎರಡೂ ಸೇರಿ ಬಂತು. ಎಲ್ಲೂ ತಡವರಿಸಲಿಲ್ಲ.

ಎಲ್ಲ ಮುಗಿದು ಮಲೀದಾ ಹಂಚಿದೆ, ಆ ಹತ್ತು ಖರ್ಜೂರಗಳನ್ನು ಅವರವರ ಕೈಗೆ ಕೊಟ್ಟೆ. ಸೂರ್ಯ ಮುಳುಗುವ ಹೊತ್ತಿಗೆ ಗೆಸ್ಟ್ ಹೌಸಿನಲ್ಲಿ ಬತ್ತಿ ಹಚ್ಚುವ ಹಾಗಿರಲಿಲ್ಲ. ಟೇಬಲ್ ಲ್ಯಾಂಪ್ ಹಾಕಿ, ತಪ್ಪು ತಿಳಿಯಬೇಡಪ್ಪ ಎಂದು ದೇವರನ್ನು ಬೇಡಿಕೊಂಡೆ. ಆತ ತಿಳಿದಿರಲಿಕ್ಕಿಲ್ಲ.

ಎರಡು ವಾರದ ಮೇಲೆ ಗುರುಗಳ ಪತ್ರ ಬಂತು. ಮುಂದಾಳು ಪ್ರಾಧ್ಯಾಪಕಿ. ನಿಮ್ಮ ಐದು ಬರಹಗಳಲ್ಲಿ ಎರಡು ಇನ್ನೂ ಒಪ್ಪಿಗೆಯಾಗಿಲ್ಲ, ಇನ್ನೊಂದು ವರ್ಷ ಮುಂದುವರಿಸಿ; ದುಕ್ಮ್‌ನಲ್ಲಿ ನೀವು ಮಾಡಿದ್ದು ನಾನು ಮೌಲ್ಯಮಾಪನ ಮಾಡಬೇಕಾದ ಯೋಜನೆಯಲ್ಲಿ ಇರಲಿಲ್ಲ, ಆದರೆ ನಾನು ಕೊನೆಯವರೆಗೂ ಎದ್ದು ನಿಂತಿದ್ದೆ ಎಂದು ಬರೆದಿದ್ದರು. ಓದಿ ಫೋನು ಮಗುಚಿಟ್ಟು ಬೇಳೆ ತೊಳೆದೆ. ಗಂಡ ಸಾರು ಬಾಯಿಗಿಡುವ ಮೊದಲು ನನ್ನ ಮುಖ ನೋಡಿದರು, ಆವತ್ತು ಏನೂ ಅನ್ನಲಿಲ್ಲ. ಅದನ್ನೂ ಎಣಿಸಿಕೊಂಡೆ.

ಮುಂದಾಳಾದ ಮೇಲೆ ಆಕೆಯ ಮೊದಲ ಶುಕ್ರವಾರ ನಮ್ಮ ಮನೆಯಲ್ಲೇ ಆಯಿತು. ಪರದೆ ಎಳೆದು ದೀಪ ಹಚ್ಚಿದೆ. ಆಕೆ ಓದಲು ಕನ್ನಡಕ ಹುಡುಕುತ್ತ ಪರ್ಸಿನಲ್ಲಿದ್ದದ್ದನ್ನೆಲ್ಲ ನನ್ನ ಊಟದ ಟೇಬಲ್ಲಿಗೆ ಸುರಿದಳು. ಬೀಗದ ಕೈ, ಚೀಟಿಗಳು, ನಾಲ್ಕಾಗಿ ಮಡಿಸಿದ ಒಂದು ಟಿಶ್ಯೂ. ಅದು ಬಿಚ್ಚಿಕೊಂಡಿತು. ಒಳಗೆ ಒಂದು ಖರ್ಜೂರ, ಒಣಗಿ ಸುಕ್ಕಾಗಿತ್ತು.

“ಇದ್ಯಾಕ ತಿಂದಿಲ್ಲ?”

“ಅವತ್ತಿಂದು ಅಕ್ಕಾ,” ಎಂದಳು. “ನೀವು ಇಟ್ಟಿದ್ದು. ತಿನ್ನೋಕೆ ಮನಸ್ಸು ಬರಲಿಲ್ಲ.” ಮತ್ತೆ ಮಡಿಸಿ ಒಳಗಿಟ್ಟುಕೊಂಡಳು.

ನನ್ನ ಬಾದಾಮಿಯನ್ನು ನಾನು ಆಯಿಯನ್ನು ಮಣ್ಣು ಮಾಡಿದ ಸಂಜೆಯೇ, ಹಸಿವೆಗೆ, ತಿಂದುಬಿಟ್ಟಿದ್ದೆ.